ರುದ್ರಾಣಮ್ಮನವರ ಫ್ರೆಂಚು

ಕಷ್ಟದ ವಾಕ್ಯ ಬಂದಾಗಲೆಲ್ಲ ರುದ್ರಾಣಮ್ಮನವರು ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಣೆತುಂಬ ವಿಭೂತಿ, ಕಂಕುಳಲ್ಲಿ ವ್ಯಾನಿಟಿ ಬ್ಯಾಗು, ಬಾಯಲ್ಲಿ ಫ್ರೆಂಚು. ತಪ್ಪಿದರೆ "ಥೂ, ಇದ್ರ ಮನೆ ಹಾಳಾಗ" ಎಂದು ತೊಡೆ ತಟ್ಟಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಬೈಗುಳ ಮಾತ್ರ ಕೊನೆಯವರೆಗೂ ಕನ್ನಡದಲ್ಲೇ ಉಳಿಯಿತು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ನಾನು ಫ್ರೆಂಚ್ ಪಾಠ ಹೇಳುತ್ತೇನೆ. ಬರುವವರೆಲ್ಲ ಪಿಯುಸಿ ಮಕ್ಕಳು. ಅವರಿಗೆ ಪ್ರೀತಿ ಇರುವುದು ಮಾರ್ಕ್ಸ್ ಮೇಲೆ. ಪರೀಕ್ಷೆ ಮುಗಿದ ಮಾರನೆಯ ದಿನ ಒಂದು ಲೋಟ ನೀರು ಕೇಳುವಷ್ಟು ಫ್ರೆಂಚೂ ಅವರ ಬಾಯಲ್ಲಿ ಉಳಿದಿರುವುದಿಲ್ಲ. ಇಂಥವರ ನಡುವೆ ಅರವತ್ತು ದಾಟಿದ ಹೆಂಗಸು, ಗುಬ್ಬಿಯ ಬಟ್ಟೆ ಅಂಗಡಿಯ ಯಜಮಾನಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನಿಂತರು.

"ಮೊಬೈಲಲ್ಲಿ ಒಂದಷ್ಟು ಕಲ್ತಿದೀನಿ ಮೇಡಂ, ಅಂಗಡೀಲಿ ಗಿರಾಕಿ ಇಲ್ದಾಗ. ಹೆಸರು, ಊರು, ಊಟ ಆಯ್ತಾ, ಎಲ್ಲ ಬರುತ್ತೆ. ಎದುರಿನೋರು ತಿರುಗಿ ಏನಾರ ಕೇಳಿದ್ರೆ ಮಾತ್ರ ಬೆಬ್ಬೆಬ್ಬೆ ಅಂತೀನಿ. ನಡುವೆ ಯಾರೂ ಇಲ್ದಂಗೆ ಮಾತಾಡೋದು ಬರ್ಬೇಕು."

ಯಾರ ಜೊತೆ ಎಂದು ಕೇಳಿದೆ. ಮೊಮ್ಮಗಳ ಜೊತೆ ಎಂದರು.

ಅವರ ಒಬ್ಬಳೇ ಮಗಳು ಶೋಭಾ ಓದಲು ಫ್ರಾನ್ಸಿಗೆ ಹೋಗಿ ಅಲ್ಲಿಯವನನ್ನೇ ಮದುವೆಯಾಗಿದ್ದಳು. ಮಗು ಲೀನಾಗೆ ಫ್ರೆಂಚ್ ಬಿಟ್ಟರೆ ಬೇರೆ ಮಾತು ಬರದು. ವಿಡಿಯೋ ಕಾಲ್‌ನಲ್ಲಿ ಶೋಭಾ ನಡುವೆ ಕೂತು ಅಜ್ಜಿಯ ಮಾತನ್ನು ಮಗುವಿಗೂ ಮಗುವಿನ ಮಾತನ್ನು ಅಜ್ಜಿಗೂ ಹೇಳುತ್ತಿದ್ದಳು. ಅವಳು ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ರುದ್ರಾಣಮ್ಮನವರಿಗೆ ವೀಸಾ ಸಿಗುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.

ತಾಯಿ ಕಳೆದುಕೊಂಡ ಎಳೆಮಕ್ಕಳಿಗೆ ನಮ್ಮ ಕಡೆ ಯಾರೂ ನೇರವಾಗಿ ಹೇಳುವುದಿಲ್ಲ. ಅಮ್ಮ ಅಜ್ಜಿ ಮನೆಗೆ ಹೋಗಿದ್ದಾಳೆ ಎನ್ನುತ್ತೇವೆ. ದೊಡ್ಡಮ್ಮ ಚಿಕ್ಕಮ್ಮಂದಿರ ಮಡಿಲಲ್ಲಿ ಬೆಳೆಯುತ್ತ ಮಗು ಒಂದು ದಿನ ತಾನಾಗಿಯೇ ತಿಳಿದುಕೊಳ್ಳುತ್ತದೆ. ಫೋನಿನಲ್ಲಿ ಲೀನಾ ಅಳುತ್ತಿದ್ದುದನ್ನು ನೋಡಲಾರದೆ ರುದ್ರಾಣಮ್ಮನವರೂ ಅದನ್ನೇ ಹೇಳಿದರು. "ಮಾಮಾಂ ಎ ಶೆ ಮ್ವಾ." ಅಮ್ಮ ನಮ್ಮನೇಲಿದ್ದಾಳೆ. ಅಷ್ಟು ಫ್ರೆಂಚು ಮೊಬೈಲೇ ಕಲಿಸಿತ್ತು. ಮಗು ಅಳು ನಿಲ್ಲಿಸಿತು.

ಅಪ್ಪ ಆಗಲೇ ಮಗುವಿಗೆ ನಿಜ ಹೇಳಿಬಿಟ್ಟಿದ್ದ. ಈಗ ಅದು ಅವನ ಮಾತನ್ನು ನಂಬಲಿಲ್ಲ. ಅಮ್ಮ ಇಂಡಿಯಾದಲ್ಲಿದ್ದಾಳೆ, ಕರೆದುಕೊಂಡು ಹೋಗು ಎಂದು ಹಠ ಹಿಡಿಯಿತು. ಅಳಿಯ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದ. ನನ್ನ ಮಾತು ಅವಳು ಕೇಳುತ್ತಿಲ್ಲ, ನಿಜವನ್ನು ನೀವೇ ಹೇಳಿ, ಹೇಳಲು ಸಾಧ್ಯವಾಗುವ ದಿನ ಫೋನ್ ಮಾಡಿ, ಅಲ್ಲಿಯವರೆಗೆ ಬೇಡ.

ಕೇಳಿ ನನಗೆ ರುದ್ರಾಣಮ್ಮನವರ ಮೇಲೆ ಸಿಟ್ಟೇ ಬಂತು. ಆಮೇಲೆ, ನಮ್ಮಜ್ಜಿಯಾಗಿದ್ದರೂ ಅದನ್ನೇ ಹೇಳುತ್ತಿದ್ದರು ಅನ್ನಿಸಿತು. "ನಾನೇ ಫೋನಲ್ಲಿ ಹೇಳಿಬಿಡ್ಲಾ ಅಮ್ಮ?" ಎಂದೆ.

"ಬ್ಯಾಡ. ಸುಳ್ಳು ಹೇಳಿದ್ದು ನಾನು. ನಿಜ ಹೇಳೋಕೆ ಬೇರೆಯೋರ್ನ ಕಳಿಸ್ಲಾ? ಅದು ಏನಾರ ಕೇಳ್ತದೆ, ನಾನೇ ಜವಾಬು ಹೇಳ್ಬೇಕು."

ನನ್ನ ಯಾವ ವಿದ್ಯಾರ್ಥಿಯೂ ಹಾಗೆ ಕಲಿತದ್ದಿಲ್ಲ. ಬಸ್ಸಿನ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಗುಬ್ಬಿಯಿಂದ ತುಮಕೂರಿನವರೆಗೆ ಫ್ರೆಂಚಿನಲ್ಲಿ ಪಿಸುಗುಡುತ್ತ ಬರುತ್ತಿದ್ದರು. ಜಪ ಮಾಡುತ್ತಿದ್ದಾರೆಂದು ತಿಳಿದ ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದನಂತೆ. ಕುಣಿಗಲ್ಲಿನ ತಂಗಿಯ ಮನೆಯಲ್ಲಿ ಪಾತ್ರೆಗಳ ಜೊತೆ ಮಾತಾಡುವುದನ್ನು ಕಂಡು, ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಆ ತಂಗಿ ಅತ್ತಿದ್ದರಂತೆ. ಇದನ್ನೆಲ್ಲ ಅವರೇ ನಗುತ್ತ ಹೇಳುತ್ತಿದ್ದರು. ಸೀರೆ ವ್ಯಾಪಾರವೆಂದರೆ ಸಾಕು, ನನ್ನೊಡನೆ ಚೌಕಾಸಿ ಮಾಡಿ ಫ್ರೆಂಚಿನಲ್ಲೇ ಸೋಲಿಸುತ್ತಿದ್ದರು.

ತಡೆದದ್ದು ಒಂದೇ ಮಾತು.

"ಲಿಂಗೈಕ್ಯ ಆದ್ಲು ಅನ್ನೋಕೆ ಅವ್ರಲ್ಲಿ ಏನಂತಾರೆ?"

"ಹಾಗೆ ಹೇಳಿದ್ರೆ ಮಗುಗೆ ತಿಳಿಯಲ್ಲಮ್ಮ. ಸತ್ತಳು ಅಂತಲೇ ಹೇಳ್ಬೇಕು."

"ಹೋದ್ಲು ಅಂದ್ರೆ?"

"ಎಲ್ಲಿಗೆ ಅಂತ ಕೇಳುತ್ತೆ."

ಅವರು ಕಿಟಕಿಯ ಕಡೆ ತಿರುಗಿದರು. "ನನ್ ಮಗಳಿಗೆ ಆ ಮಾತು ಕನ್ನಡದಲ್ಲೇ ಆಡಿಲ್ಲ ಕಣಮ್ಮ. ಅದ್ರಲ್ಲಿ ಎಂಗೆ ಆಡ್ಲಿ?"

ಆ ವಾಕ್ಯದ ಹತ್ತಿರ ಬಂದು ನಿಲ್ಲುವುದು, ನೀರು ಕುಡಿಯುವುದು, ಬೇರೆ ಪಾಠ ತೆಗೆಯಿರಿ ಎನ್ನುವುದು. ಬೇಸಿಗೆ ಹೋಗಿ ಮಳೆಗಾಲ ಬಂದರೂ ಹೀಗೇ ನಡೆಯಿತು. ಕೊನೆಗೊಂದು ಸಂಜೆ ಮೆಟ್ಟಿಲು ಹತ್ತಿ ಬಂದವರೇ "ಇವತ್ತು ಫೋನ್ ಮಾಡ್ಬುಡ್ತೀನಿ, ನೀವು ಹೊರಗಿರಿ" ಎಂದರು.

ನಾನು ತಾರಸಿಯಲ್ಲಿ ನಿಂತೆ. ಒಳಗಿನದೆಲ್ಲ ಕೇಳುತ್ತಿತ್ತು. ಅಮ್ಮ ನಮ್ಮನೆಯಲ್ಲಿಲ್ಲ ಎಂದರು. ಅಮ್ಮ ಸತ್ತುಹೋದಳು, ಅಪ್ಪ ಹೇಳಿದ್ದೇ ನಿಜ ಎಂದರು. ಎಲ್ಲೂ ತಡವರಿಸಲಿಲ್ಲ.

ಆಮೇಲೆ ಮಗು ಒಂದೇ ಉಸಿರಿಗೆ ಮಾತಾಡಿತು. "ಅಪ್ಪ ಹೇಳಿದಾಗ ನಾನು ಅಪ್ಪನಿಗೆ ಹೊಡೆದೆ. ಸುಳ್ಳುಗಾರ ಅಂದೆ. ಅಪ್ಪ ಅತ್ತುಬಿಟ್ಟ. ನೀನು ಯಾಕೆ ಹಾಗೆ ಹೇಳಿದೆ?"

ಇದಕ್ಕೆ ನಾವು ಉತ್ತರ ಕಲಿತಿರಲಿಲ್ಲ. ರುದ್ರಾಣಮ್ಮನವರೇ ಹೇಳಿದರು. "ನೀನು ಅಳ್ತಾ ಇದ್ದೆ. ನನಗೆ ನೋಡೋಕಾಗಲಿಲ್ಲ."

"ಇನ್ನು ನಿನ್ನ ಜೊತೆ ಮಾತಾಡಲ್ಲ" ಎಂದು ಮಗು ಫೋನಿಟ್ಟಿತು.

ಹೊರಗೆ ಬಂದರು. ಅಳುತ್ತಿರಲಿಲ್ಲ, ನನ್ನ ಕಣ್ಣೇ ತುಂಬಿತ್ತು. "ಅದು ಹೇಳಿದ್ದೆಲ್ಲ ಅರ್ಥ ಆಯ್ತು ಮೇಡಂ. ಒಂದು ಮಾತೂ ಬಿಡ್ಲಿಲ್ಲ." ಮಕ್ಕಳ ಕೋಪ ಎಷ್ಟು ದಿನ, ನಾಳೆ ಅದೇ ಫೋನ್ ಮಾಡುತ್ತದೆ ಎಂದು ನಾನು ಏನೇನೋ ಸಮಾಧಾನ ಹೇಳಿದೆ. ಹೂಂ ಎಂದು ಮೆಟ್ಟಿಲಿಳಿದು ಹೋದರು. ಮತ್ತೆ ಪಾಠಕ್ಕೆ ಬರಲಿಲ್ಲ.

ಈಚೆಗೆ ಗುಬ್ಬಿಗೆ ಹೋದಾಗ ಅಂಗಡಿಗೆ ಹೋಗಿದ್ದೆ. ಹರಡಿದ ಸೀರೆಗಳನ್ನು ಮಡಿಸುತ್ತ ಕೂತಿದ್ದರು, ತುಂಬ ಇಳಿದುಹೋಗಿದ್ದರು. ಮಾತಿಗೆ ಎಳೆಯೋಣವೆಂದು, ಹೇಗಿದ್ದೀರಿ, ಮಗು ಫೋನ್ ಮಾಡಿತಾ ಎಂದು ಫ್ರೆಂಚಿನಲ್ಲಿ ಕೇಳಿದೆ. ಮಡಿಸುವುದನ್ನು ನಿಲ್ಲಿಸಲಿಲ್ಲ.

"ಕನ್ನಡದಲ್ಲೇ ಮಾತಾಡಿ ಮೇಡಂ" ಎಂದರು. "ಅದ್ರಲ್ಲಿ ನಂಗೆ ಯಾರೂ ಇಲ್ಲ."