ಹೊನ್ನಾವರದಲ್ಲಿ ಆರಿಸಿದ ಮೆದು ವಿಸ್ಕಿ

ಯುದ್ಧ ಮುಗಿದ ಮರುವರ್ಷದ ಮಾಗಿಯಲ್ಲಿ, ಒಂದು ಶನಿವಾರ ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಏಳಕ್ಕೆ ಭಟ್ಕಳ ಬಿಟ್ಟೆ. ಹೋಗಬೇಕಾದದ್ದು ಕುಮಟೆಗೆ, ವಕೀಲ ವಾಮನನ ಮನೆಗೆ. ನಡುವೆ ಹೊನ್ನಾವರದಲ್ಲಿ ಒಂದು ಬಾಟಲಿ ಸ್ಕಾಚ್ ಕೊಳ್ಳುವುದಿತ್ತು.

ವಾಮನ ನನ್ನ ಕಾಲೇಜು ಗೆಳೆಯ. ಆರು ವರ್ಷಗಳಿಂದ ನಮಗೆ ಮಾತಿರಲಿಲ್ಲ. ಕಾರಣ ಹೇಳಲು ಈಗ ನಾಚಿಕೆ. ಬಿ.ಎ. ಫಲಿತಾಂಶ ಬಂದ ದಿನ ಬೊಂಬಾಯಿಯ ಅವನ ಕೋಣೆಯಲ್ಲಿ, ಹಡಗಿನ ಅಧಿಕಾರಿಯೊಬ್ಬ ಕೊಟ್ಟಿದ್ದ ಸಿಂಗಲ್ ಮಾಲ್ಟ್ ವಿಸ್ಕಿ ಕುಡಿದಿದ್ದೆವು. ಅದಕ್ಕೆ ಜೇನಿನ ವಾಸನೆಯಿತ್ತು ಎಂದು ನಾನು, ಹೊಗೆಯ ವಾಸನೆ ಎಂದು ಅವನು. ಅವನ ತಮ್ಮನ ಮದುವೆಯಲ್ಲಿ ಈ ವಾದ ಮತ್ತೆ ಎದ್ದು, ನಾಲ್ಕು ಜನರೆದುರು ಅವನು "ನಿನ್ನ ನೆನಪು ಅಂದ್ರೆ ಬಾಡಿಗೆ ಸಾಕ್ಷಿ" ಎಂದ. ನಾನು ಊಟ ಬಿಟ್ಟು ಎದ್ದುಬಂದೆ.

ಹೋದ ವಾರ ಅವನ ಕಾರ್ಡು ಬಂತು: "ಗಂಟಲು ಕೆಟ್ಟಿದೆ, ಖಾರ ತಡೆಯುವುದಿಲ್ಲ. ಬರುವುದಾದರೆ ಮೆದುವಾದ ಮಾಲ್ಟ್ ತಾ. ದುಬಾರಿಯದು ಬೇಡ." ಇದು ರಾಜಿಯೋ ಪರೀಕ್ಷೆಯೋ ತಿಳಿಯಲಿಲ್ಲ. ಜೇನಿನಂಥದನ್ನು ಒಯ್ದರೆ ಹಳೆಯ ವಾದವನ್ನೇ ಬಾಟಲಿಯಲ್ಲಿ ತುಂಬಿಕೊಂಡು ಹೋದಂತೆ. ಹೊಗೆಯದನ್ನು ಒಯ್ದರೆ ಅವನ ಗಂಟಲು ಉರಿಯುತ್ತದೆ.

ಪೆಟ್ರೋಲಿನ ಬರದಿಂದ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು. ಶರಾವತಿಯ ಈಚೆ ದಂಡೆಯ ಕಾಸರಕೋಡಿನವರೆಗೆ ಒಂದು ರೂಪಾಯಿ. ಮಾವಳ್ಳಿ ದಾಟಿದ ಮೇಲೆ ಏರಿನಲ್ಲಿ ನಿಂತಿತು. "ಮಾಸ್ತರ್ರೆ, ನೀವು ಹಿಂದೆ ಬನ್ನಿ. ಕಲ್ತವ್ರು ತಳ್ಳಿದ್ರೆ ಬೇಗ ಹೋಗ್ತದೆ," ಎಂದ ಕಂಡಕ್ಟರ್. ತಳ್ಳಿದೆವು. ಮಂಕಿಯಲ್ಲಿ ಚಹ, ಅವಲಕ್ಕಿ. ಕಾಸರಕೋಡಿನಲ್ಲಿ ಬಸ್ಸು ಬಿಟ್ಟು, ದೋಣಿಯಲ್ಲಿ ಶರಾವತಿ ದಾಟಿ ಹೊನ್ನಾವರ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು.

ಪರವಾನಗಿ ಇದ್ದ ವಿಲಾಯತಿ ಮದ್ಯದ ಅಂಗಡಿ ಪಾಸ್ಕುವಿನದು. ಹಿಂದೆ ಹಡಗಿನಲ್ಲಿ ಬಡಿಸುವ ಕೆಲಸದಲ್ಲಿದ್ದವನು. ಯುದ್ಧದಲ್ಲಿ ಸರಕು ಬಾರದೆ ಅವನ ಕಪಾಟು ಬರಿದಾಗಿತ್ತು. ಮೆದುವಾದ ಸಿಂಗಲ್ ಮಾಲ್ಟ್ ಬೇಕೆಂದೆ. ಮೂರು ಬಾಟಲಿ ಮೇಜಿನ ಮೇಲಿಟ್ಟ.

"ಇದು ಹತ್ತಾರು ಭಟ್ಟಿದು ಕೂಡಿಸಿದ್ದು, ನಿಮಗೆ ಬೇಡ. ಈ ಎರಡು ಮಾತ್ರ ಒಂದೊಂದೇ ಭಟ್ಟಿಲಿ ಇಳಿಸಿದ್ದು, ಬರೀ ಬಾರ್ಲಿ ಮೊಳಕೆದು. ಇದಕ್ಕೆ ಮೂವತ್ತು ರೂಪಾಯಿ, ಇದಕ್ಕೆ ಹದಿನೆಂಟು. ಎರಡೂ ಮೆದುವೇ."

"ಎರಡೂ ಮೆದು ಹೇಗಾಗ್ತದೆ?"

"ಮಾರುವವ ಇನ್ನೆಂತ ಹೇಳ್ತ?" ಎಂದು ನಕ್ಕ.

ಪೆಗ್ಗಿನ ಲೆಕ್ಕದಲ್ಲಿ ಮಾರಲು ಎರಡರದ್ದೂ ಒಂದೊಂದು ಬಾಟಲಿ ತೆರೆದಿತ್ತು. ಒಂದೊಂದು ಗುಟುಕು ನೋಡಿದೆ. ಮೊದಲನೆಯದಕ್ಕೇ ನಾಲಗೆ ಮರಗಟ್ಟಿ, ಎರಡನೆಯದು ನಾನು ಬಯಸಿದಂತೆಯೇ ರುಚಿಸಿತು. ಅಂಥ ನಾಲಗೆಯನ್ನು ನಾನು ನಂಬುವವನಲ್ಲ.

ಪಾಸ್ಕು ಪಕ್ಕದ ಜಗುಲಿಗೆ ಕೂಗಿದ. "ಮಂಜಣ್ಣ, ಹೊಸ ಗಿರಾಕಿ ಬಂದಿದಾರೆ."

ಗಂಧದ ಕೆತ್ತನೆಯ ಮಂಜ ಗುಡಿಗಾರ ಚಾಣವನ್ನು ಕೆಳಗಿಟ್ಟು ಬಂದ. ಹೆಂಡ ಮುಟ್ಟದವನು, ಆದರೂ ಆ ಅಂಗಡಿಯಲ್ಲಿ ಅವನ ಮೂಗಿನದೇ ಕೊನೆಯ ಮಾತಂತೆ. ಕಲಬೆರಕೆ ಗಂಧದೆಣ್ಣೆಯನ್ನು ಅಂಗೈಗೆ ತಿಕ್ಕಿ, ಆರಲು ಬಿಟ್ಟು ಕಂಡುಹಿಡಿಯುವುದು ಅವರ ಕಸುಬಿನ ರೂಢಿ.

"ನನ್ನ ಕೈ ತುಂಬ ಗಂಧದ್ದೇ ವಾಸನೆ, ಬೇರೆಂತದೂ ತಿಳೀದಿಲ್ಲ. ನಿಮ್ಮ ಕೈ ಕೊಡಿ," ಎಂದ.

ಬಲ ಅಂಗೈಗೆ ಮೂವತ್ತರದು, ಎಡಕ್ಕೆ ಹದಿನೆಂಟರದು, ಎರಡೆರಡು ಹನಿ. ತಿಕ್ಕಿದ. "ಈಗ ಮೂಸಬೇಡಿ. ಸಿಟ್ಟೆಲ್ಲ ಹಾರಿ ಹೋಗ್ಲಿ." ಭಿಕ್ಷೆಗೆ ನಿಂತವನಂತೆ ಎರಡೂ ಕೈ ಚಾಚಿ ಹತ್ತು ನಿಮಿಷ ಕೂತೆ. ಆಮೇಲೆ ಮಂಜ ಬಲಗೈಗೆ ಬಾಗಿದ. "ಇದಕ್ಕೆ ಹೊಗೆ ಹಿಡ್ದದೆ. ಹಸಿ ಮಣ್ಣು ಸುಟ್ಟ ಹಾಗೆ. ಗಂಟಲು ಕೆರೀತದೆ." ಎಡಗೈ ಮೂಸಿ ತಲೆಯಾಡಿಸಿದ. "ಇದರಲ್ಲಿ ಜೇನು ಅದೆ, ಒಳ್ಳೆ ಮರ ಅದೆ. ದುಡ್ಡು ಹೆಚ್ಚು ಕೊಟ್ರೆ ಮೆದು ಸಿಗ್ತದೆ ಅಂತಿಲ್ಲ ಮಾಸ್ತರ್ರೆ."

ನಾನೂ ಮೂಸಿದೆ. ಬಲಗೈಯ ಹೊಗೆ ತಾಗಿದ್ದೇ ಬೊಂಬಾಯಿಯ ಆ ಕೋಣೆ ಕಣ್ಣೆದುರು ನಿಂತಿತು: ಟ್ರಂಕು, ಒದ್ದೆ ಟವೆಲು, ವಾಮನನ ನಗು. ಆರು ವರ್ಷ ನಾನು ಹಿಡಿದುಕೊಂಡು ಕೂತಿದ್ದ ಜೇನು ಎಲ್ಲಿಂದ ಬಂತೋ. ತಪ್ಪು ನನ್ನದೇ. ಆದರೂ ಹದಿನೆಂಟರದನ್ನೇ ಕೊಂಡೆ. ಗಂಟಲಿಗೆ ಬಾಟಲಿ, ವಾದಕ್ಕೆ ಬಾಯಿಂದ ಕ್ಷಮೆ. ಹೀಗೆ ನಿಶ್ಚಯಿಸಿದ ಮೇಲೆ ಮನಸ್ಸು ಹಗುರಾಯಿತು. ಕುಮಟೆಯ ಬಸ್ಸಿನಲ್ಲಿ ಹನ್ನೆರಡು ಮೈಲಿಯುದ್ದಕ್ಕೂ ಬಾಟಲಿ ನನ್ನ ತೊಡೆಯ ಮೇಲಿತ್ತು.

ವಾಮನ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಜಗುಲಿಯಲ್ಲೇ ಕೂತಿದ್ದ. "ಬಂದ್ಯಾ," ಎಂದ, ನಿನ್ನೆ ತಾನೆ ಹೋದವನನ್ನು ಕೇಳುವಂತೆ. ನೀರು ಬೆರೆಸಿ ಒಂದು ಗುಟುಕು ಕುಡಿದ. ಕೆಮ್ಮಲಿಲ್ಲ. ಇನ್ನೊಂದು ಕುಡಿದು ಕಣ್ಣು ಮುಚ್ಚಿದ.

ನಾನು ತಡಮಾಡಲಿಲ್ಲ. "ವಾಮನ, ತಪ್ಪು ನನ್ನದು. ಆ ದಿನ ಇದ್ದದ್ದು ಹೊಗೆಯೇ."

ಅವನು ಕಣ್ಣು ತೆರೆದ. "ಮಾರಾಯ, ಹೊಗೆ ಅಂದವ ನೀನು. ಜೇನು ಅಂತ ಹಟ ಹಿಡಿದವ ನಾನು. ಅದಕ್ಕೇ ನಿನ್ನ ಸಾಕ್ಷಿ ಬಾಡಿಗೆದು ಅಂದದ್ದು."

"ಅಲ್ಲ, ನಾನು..."

"ಆತು ಬಿಡು. ನಿಂದು ಹೊಗೆ, ಅದೇ ಸರಿ ಅಂತ ಒಪ್ಕೊಳ್ಳಲಿಕ್ಕೇ ಕಾರ್ಡು ಬರೆದೆ. ಒಪ್ಪಿದೆ. ಇನ್ನು ಹಾಕು."

ನಾನು ಹಾಕಿದೆ.

ಭಾನುವಾರ ಮಧ್ಯಾಹ್ನ ಮರಳಿ ಶರಾವತಿ ದಾಟುವಾಗ, ಹೊನ್ನಾವರದ ದಂಡೆ ಸಣ್ಣದಾಗುತ್ತಿದ್ದಂತೆ ಎರಡೂ ಅಂಗೈ ಮೂಸಿ ನೋಡಿದೆ. ವಾಮನನ ಮನೆಯ ಸಾಬೂನಿನ ವಾಸನೆ, ಎರಡರಲ್ಲೂ ಒಂದೇ.