ಏಡಿಗೊಂದು ಹಾಫ್ ಟಿಕೆಟ್

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಇಪ್ಪತ್ತೊಂಬತ್ತು ವರ್ಷ ಚರ್ಮದ ಚೀಲ ನೇತುಹಾಕಿಕೊಂಡ ಭುಜ ಅದು. ಚೀಲ ಕೆಳಗಿಟ್ಟು ವರ್ಷಗಳಾದರೂ ಭುಜ ಮೇಲೇಳಲಿಲ್ಲ. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ನಮ್ಮ ಜಗಲಿಗೆ ಬಂದಾಗ ಕುರ್ಚಿ ಎಳೆದು ಕೊಟ್ಟರೂ ಕೂರದೆ, ಕಂಬಕ್ಕೆ ಸೊಂಟ ಆನಿಸಿ, ಎರಡೂ ಕೈ ಖಾಲಿ ಇಟ್ಟುಕೊಂಡು ಮಾತಾಡುತ್ತಿದ್ದರು. "ಎಂತ ಕಾಕ, ನಮ್ಮ ಜಗಲಿಯೂ ಬ್ರೇಕ್ ಹಾಕ್ತದಾ?" ಎಂದು ನಾನು ಕೆಣಕಿದರೆ, "ಹೇಳ್ಲಿಕ್ಕೆ ಬರುದಿಲ್ಲ ಮಗಳೇ" ಎನ್ನುತ್ತಿದ್ದರು.

ಕುಂಬಳೆಯಿಂದ ಪೆರ್ಲಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ದುಡಿದು ನಿವೃತ್ತರಾದವರು ಅವರು. ಊರಿಗೆಲ್ಲ ಕಂಡಕ್ಟರ್ ಕಾಕ. ನಮ್ಮ ಕಂಪೌಂಡ್ ಗೋಡೆಯ ಆಚೆಗೇ ಅವರ ಮನೆ. ಮನೆಯಲ್ಲಿ ಬ್ಯಾರಿ, ನಮ್ಮೊಡನೆ ತುಳು, ಪಂಚಾಯತು ಆಫೀಸಿನಲ್ಲಿ ಮಲಯಾಳ. ನನ್ನ ಮಕ್ಕಳ ಜೊತೆ ಮಾತ್ರ ಕನ್ನಡ, ಏಕೆಂದರೆ ಅದು ಮಕ್ಕಳ ಶಾಲೆಯ ಭಾಷೆ. ನಾಲ್ಕು ಭಾಷೆಯಲ್ಲಿ "ಸ್ವಲ್ಪ ಮುಂದೆ ಹೋಗಿ" ಎಂದು ಹೇಳಿ ಹೇಳಿ ನಾಲಗೆ ಪಳಗಿದ ಮನುಷ್ಯ.

ನನ್ನ ಗಂಡ ಶಾರ್ಜಾದಲ್ಲಿ. ನಾನು ಜಗಲಿಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಊರವರ ಬ್ಲೌಸು, ನೈಟಿ ಹೊಲಿಯುತ್ತೇನೆ. ಆಗ ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕೂವರೆ. ಇವೆರಡರ ಕೈಯಲ್ಲಿ ಆ ಜಗಲಿ ಪಟ್ಟ ಪಾಡು ಹೇಳಿ ಸುಖವಿಲ್ಲ. ಬೆಳಿಗ್ಗೆ ಅದು ಆಸ್ಪತ್ರೆ, ಮಧ್ಯಾಹ್ನ ಸಮುದ್ರ, ನಾಲ್ಕು ಗಂಟೆಗೆ ಬಸ್ಸು. ಸಮುದ್ರದ ಹೊತ್ತಿನಲ್ಲಿ ನಾನು ಒಣಗಿದ ಬಟ್ಟೆ ತರಲು ಹೊರಟರೆ ಚಾಪೆಯಿಂದ ಮಣೆಗೆ, ಮಣೆಯಿಂದ ಹೊಸ್ತಿಲಿಗೆ ಹಾರಬೇಕು. ನೆಲಕ್ಕೆ ಕಾಲು ತಾಗಿದರೆ "ಅಮ್ಮ ಮುಳುಗಿದ್ರು" ಎಂದು ಎರಡೂ ಮಕ್ಕಳು ಅಳಲು ಸುರು. ಕುಕ್ಕರ್ ಮೂರು ಸೀಟಿ ಹಾಕಿದರೂ ನಾನು ಮುಳುಗಿಯೇ ಇರಬೇಕಿತ್ತು.

ಮಗಳ ಹತ್ತಿರ ಒಂದು ಡೆಂಜಿ ಇತ್ತು. ಡೆಂಜಿ ಎಂದರೆ ತುಳುವಿನಲ್ಲಿ ಏಡಿ. ಯಾರ ಕಣ್ಣಿಗೂ ಕಾಣದ ಆ ಏಡಿಯ ವಾಸ ಅವಳ ಫ್ರಾಕಿನ ಜೇಬಿನಲ್ಲಿ. ಅದಕ್ಕೆ ಗಾಳಿ ಬೇಕೆಂದು ಹೊಸ ಫ್ರಾಕುಗಳಿಗೆಲ್ಲ ನಾನು ಜೇಬಿನಲ್ಲೊಂದು ಸಣ್ಣ ಕಿಟಕಿ ಬಿಟ್ಟು ಹೊಲಿದೆ. ನೋಡಿದವರು, "ಟೈಲರಮ್ಮನ ಮಗಳಿಗೇ ಹರಿದ ಜೇಬಾ?" ಎಂದು ನಕ್ಕರು.

ಆದರೆ ಒಂದು ಸಂಕಟ ಇತ್ತು. ಮನೆಯೊಳಗೆ ಪಟಪಟ ಮಾತಾಡುವ ಈ ಹುಡುಗಿ ಹೊರಗಿನವರ ಎದುರು ತುಟಿ ಬಿಚ್ಚುತ್ತಿರಲಿಲ್ಲ. ಅಂಗನವಾಡಿಗೆ ಹೋಗಿ ವರ್ಷವಾದರೂ ಅಲ್ಲಿ ಯಾರೂ ಅವಳ ಸ್ವರ ಕೇಳಿರಲಿಲ್ಲ. ಬಾಯಾರಿದರೆ ನೀರು ಕೇಳುವುದಿಲ್ಲ, ಬಿದ್ದರೆ ಅಳುವುದೂ ಇಲ್ಲ. "ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಡಾಕ್ಟರಿಗೆ ತೋರ್ಸಿ" ಎಂದರು ಟೀಚರು. ತೋರಿಸಿದೆ. "ಒತ್ತಾಯ ಮಾಡ್ಬೇಡಿ, ಕಾಯಿರಿ" ಎಂದರು ಡಾಕ್ಟರು. ಕಾಯಲು ಬಿಡಬೇಕಲ್ಲ ಜನ! ಅತ್ತೆ ಬಜೆ ತೇದು ನಾಲಗೆಗೆ ಹಚ್ಚಿದರು. ನೆಂಟರು ಚಾಕ್ಲೇಟ್ ಹಿಡಿದು "ಹೆಸರು ಹೇಳು, ಕೊಡ್ತೇನೆ" ಎಂದು ಪೀಡಿಸಿದರು. ನನಗಂತೂ ಶಾಲೆಯ ಹೆಸರೆತ್ತಿದರೆ ಒಂದೇ ಯೋಚನೆ. ಇವಳು ಅಲ್ಲಿ ಬೆಂಚಿನ ಮೂಲೆಯಲ್ಲಿ ಹತ್ತು ವರ್ಷ ಮೂಕಿಯಾಗಿ ಕೂತುಬಿಟ್ಟರೆ?

ಕಾಕ ನಮ್ಮ ಬಸ್ಸಿಗೆ ಸೇರಿದ್ದು ಆ ಬೇಸಗೆ ರಜೆಯಲ್ಲಿ. ಬೆಂಚಿನ ತುದಿಯಲ್ಲಿ ಪಾತ್ರೆಯ ಮುಚ್ಚಳ ತಿರುಗಿಸುತ್ತ ಮಗ ಡ್ರೈವರ್. ಸ್ಟಾಪುಗಳು ನವಿಲುಬಾವಿ, ಬೆಲ್ಲದಗುಡ್ಡೆ, ಕಪ್ಪೆ ಜಂಕ್ಷನ್. ಗೋಡೆಯಾಚೆಯಿಂದ ಎರಡು ದಿನ ನೋಡಿದ ಕಾಕನಿಗೆ ತಡೆಯಲಾಗಲಿಲ್ಲ. "ಕಂಡಕ್ಟರ್ ಇಲ್ಲದೆ ಬಸ್ಸು ಬಿಡುದಾ ಮಾರಾಯ? ಕೇಸ್ ಆಗ್ತದೆ" ಎನ್ನುತ್ತ ಬಂದವರು ಕಂಬಕ್ಕೆ ಸೊಂಟ ಆನಿಸಿ ನಿಂತೇಬಿಟ್ಟರು. ಹಲಸಿನ ಎಲೆಯೇ ಟಿಕೆಟ್. ಇಡೀ ಎಲೆ ಫುಲ್, ನಡುನರಕ್ಕೆ ಸರಿಯಾಗಿ ಸೀಳಿದರೆ ಹಾಫ್. ಗೋಡೆಗೆ ಎರಡು ಸಲ ತಟ್ಟಿ "ರೈಟ್" ಎಂದರೆ ಮಾತ್ರ ಬಸ್ಸು ಹೊರಡಬೇಕು.

ಅವರದೊಂದು ನಿಯಮ. ಪ್ಯಾಸೆಂಜರ್ ಬಾಯಿಬಿಟ್ಟು ಊರು ಹೇಳದೆ ಟಿಕೆಟ್ ಇಲ್ಲ. ನನ್ನ ಮಗಳನ್ನು "ಮೇಡಂ" ಎನ್ನುತ್ತಿದ್ದರು. "ಎಲ್ಲಿಗೆ ಮೇಡಂ?" ಎಂದು ಕೇಳುವರು. ಅವಳು ಜೇಬು ಹಿಡಿದುಕೊಂಡು ನೆಲ ನೋಡುವಳು. ಇವರು ಹೆಸರು ಕೇಳಲಿಲ್ಲ, ಪುಸಲಾಯಿಸಲಿಲ್ಲ. "ನಿಧಾನ ಯೋಚ್ನೆ ಮಾಡಿ. ಬಸ್ಸು ನಿಂತಿರ್ತದೆ" ಎಂದು ಹೇಳಿ ತಾವೂ ನಿಂತರು. ಬಸ್ಸು ನಿಂತಿತು ಎಂದರೆ ನಿಂತೇ ಇತ್ತು. ಐದು ದಿನ ಕಪ್ಪೆ ಜಂಕ್ಷನ್ ಮುಟ್ಟಲಿಲ್ಲ. ಡ್ರೈವರ್ ಸಿಟ್ಟಿನಿಂದ ಮುಚ್ಚಳ ಬಿಸಾಡಿದ.

ಆರನೇ ದಿನ ನನಗೂ ರೇಗಿತು. "ಆಟ ಅಲ್ವ ಕಾಕ, ಒಂದು ಎಲೆ ಕೊಟ್ಟುಬಿಡಿ. ಮಗುವನ್ನು ಎಂತಕ್ಕೆ ನಿಲ್ಲಿಸುದು?" ಎಂದು ಕಿಟಕಿಯಿಂದಲೇ ಸಿಡುಕಿದೆ.

"ಕೊಡುದು ಸುಲಭ ಮಗಳೇ. ಇಳಿಸುದು ಎಲ್ಲಿ?" ಎಂದರು ಕಾಕ.

ಆಮೇಲೆ ಹಳೆಯ ಸಂಗತಿಯೊಂದನ್ನು ಹೇಳಿದರು. ಎಣ್ಮಕಜೆ ಕಡೆಯ ಒಬ್ಬ ಅಜ್ಜಿ ಪ್ರತಿ ಸೋಮವಾರ ಅವರ ಬಸ್ಸಿಗೆ ಹತ್ತುತ್ತಿದ್ದರಂತೆ. ಯಾವಾಗಲೂ ಇಳಿಯುವ ಜಾಗ ಗೊತ್ತಿದ್ದುದರಿಂದ ಒಮ್ಮೆ ಇವರು ಕೇಳದೆಯೇ ಟಿಕೆಟ್ ಹರಿದರು. ಅಜ್ಜಿ ನಿದ್ದೆಹೋದರು, ಇವರೇ ಎಬ್ಬಿಸಿ ಇಳಿಸಿದರು. ಆ ದಿನ ಅಜ್ಜಿ ಹೊರಟದ್ದು ಬಾಣಂತಿ ಮಗಳ ಮನೆಗೆ, ಇನ್ನೂ ನಾಲ್ಕು ಸ್ಟಾಪು ಮುಂದೆ. ಮಳೆಯಲ್ಲಿ ನಡೆದೇ ಹೋದರಂತೆ. "ನನಗೆ ಎಲ್ಲ ಗೊತ್ತುಂಟು ಅಂತ ಅಹಂಕಾರ. ಮತ್ತೆ ಯಾರ ಬಾಯಿಯ ಮಾತನ್ನೂ ನಾನು ಹೇಳ್ಲಿಲ್ಲ" ಎಂದರು. ಹೊರಗೆ ಯಾರಾದರೂ ಏನಾದರೂ ಕೇಳಿದರೆ ಮಗಳಿಗಿಂತ ಮೊದಲು ಉತ್ತರಿಸುತ್ತಿದ್ದವಳು ನಾನೇ. ಮತ್ತೆ ಮೆಷಿನ್ ತುಳಿಯತೊಡಗಿದೆ.

ಎಂಟನೇ ದಿನ ಇರಬೇಕು. ಕಾಕ ಬಗ್ಗಿ ಅವಳ ಜೇಬಿನ ಕಿಟಕಿಯನ್ನು ನೋಡಿದರು. "ಒಳಗೆ ಯಾರೋ ಇದ್ದ ಹಾಗೆ ಉಂಟಲ್ಲ. ಮಡಿಲಲ್ಲಿ ಕೂತ್ರೆ ಟಿಕೆಟ್ ಬೇಡ. ಸೀಟಲ್ಲಿ ಕೂತ್ರೆ ಹಾಫ್. ಹೇಗೆ ಮೇಡಂ?"

"ಡೆಂಜಿಗೆ ಕಿಟಕಿ ಸೀಟು ಬೇಕು."

ನನ್ನ ಕಾಲು ಮೆಷಿನ್ ಮೇಲೆಯೇ ನಿಂತಿತು.

"ಆಗ್ಬಹುದು. ಎಲ್ಲಿಗೆ?" ಎಂದರು ಕಾಕ, ಏನೂ ಆಗದವರ ಹಾಗೆ.

"ಅಪ್ಪನ ಊರಿಗೆ."

"ಅಲ್ಲಿಗೆ ಈ ಬಸ್ಸಿಗೆ ಪರ್ಮಿಟ್ ಇಲ್ಲ."

ನಿಜ ಹೇಳುತ್ತೇನೆ, ಆ ಕ್ಷಣ ಅವರನ್ನು ಹೊಡೆದುಬಿಡುವಷ್ಟು ಸಿಟ್ಟು ಬಂತು. ಹುಟ್ಟಿದಾರಭ್ಯ ಹೊರಗಿನವರ ಹತ್ತಿರ ಬಾಯಿಬಿಡದ ಮಗು ಎರಡು ಮಾತಾಡಿದರೆ ಪರ್ಮಿಟ್ ಇಲ್ಲವಂತೆ! ಕೈಯಲ್ಲಿದ್ದ ಕತ್ತರಿಯೊಂದಿಗೇ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಮಗಳು ಬೆಂಚಿನ ಮೇಲೆ ಹತ್ತಿ ನಿಂತಿದ್ದಳು.

"ಪರ್ಮಿಟ್ ಉಂಟು."

"ಎಲ್ಲಿ ಉಂಟು?"

"ಡೆಂಜಿ ಹತ್ರ ಉಂಟು. ಸಮುದ್ರದ ಅಡಿಯ ರಸ್ತೆ ಡೆಂಜಿಯದ್ದೇ. ಮೊಗ್ರಾಲಲ್ಲಿ ಹೊಳೆಗೆ ಇಳಿದ್ರೆ ಸೀದಾ ಹೋಗ್ತದೆ. ಲೈಟ್ ಹಾಕ್ಬೇಕು, ಮೀನು ಅಡ್ಡ ಬರ್ತದೆ. ನಿಮಗೆ ಗೊತ್ತಿಲ್ಲ. ನೀವು ಪೆರ್ಲಕ್ಕೆ ಮಾತ್ರ ಹೋದದ್ದು."

ಹತ್ತು ನಿಮಿಷ ಜಗಳ. ಗಾಜು ಏರಿಸಬೇಕೇ, ತಿಮಿಂಗಿಲಕ್ಕೆ ಸೈಡ್ ಕೊಡಬೇಕೇ ಎಂದು ಕಾಕ ಕೇಳುತ್ತಾರೆ, ಇವಳು ಗದರಿಸುತ್ತಾಳೆ. ಕೊನೆಗೆ ಅವರು ಸೋತು ಒಂದು ಎಲೆ ಫುಲ್, ಒಂದು ಹಾಫ್ ಕೊಟ್ಟು ಗೋಡೆ ತಟ್ಟಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ.

ಕಾಕ ಬುದ್ಧಿವಂತಿಕೆಯಿಂದಲೇ ಕೆಣಕಿದರೆಂದು ನಾನು ನಂಬಿದ್ದೆ. ಮರುದಿನ ಬೆಳಿಗ್ಗೆ ಮುಖ ಸಣ್ಣ ಮಾಡಿಕೊಂಡು ಬಂದರು. "ಬಾಯಿ ತಪ್ಪಿ ಬಂತು ಮಗಳೇ. ಪರ್ಮಿಟ್ ಇಲ್ಲದ ರೂಟು ಕೇಳಿದ್ರೆ ನಾಲಗೆಯೇ ಹೇಳಿಬಿಡ್ತದೆ. ಮಗು ಮತ್ತೆ ಬಾಯಿ ಮುಚ್ಚಿದ್ರೆ ಎಂತ ಮಾಡುದು ಅಂತ ನಿದ್ದೆ ಬರ್ಲಿಲ್ಲ." ಕೈಯಲ್ಲಿ ಒಂದು ಕಾಗದ. ತಮ್ಮ ಉರುಟು ಅಕ್ಷರದಲ್ಲಿ ಬರೆದಿದ್ದರು: ಕುಂಬಳೆಯಿಂದ ಅಪ್ಪನ ಊರಿಗೆ, ಮೊಗ್ರಾಲ್ ಹೊಳೆಬಾಯಿ ಮಾರ್ಗ, ಪರ್ಮಿಟ್ ಮಂಜೂರಾಗಿದೆ. ಕೆಳಗೆ ಸಹಿ. ನಾನು ನಕ್ಕುಬಿಟ್ಟೆ. ಅವರಿಗೂ ಜೀವ ಬಂತು. "ಒಂದು ಲೆಕ್ಕದಲ್ಲಿ ಒಳ್ಳೆದೇ ಆಯ್ತು. ಕಂಡಕ್ಟರ್ ಹತ್ರ ಒಮ್ಮೆ ಜಗಳ ಮಾಡಿದವರಿಗೆ ಮತ್ತೆ ಬಸ್ಸು ಸ್ವಂತ ಆಗ್ತದೆ" ಎಂದರು.

ಬಸ್ಸು ಅವಳ ಸ್ವಂತವೇ ಆಯಿತು. ಮೊದಲು ಕಾಕನೊಡನೆ, ಆಮೇಲೆ ಅವರ ಹೆಂಡತಿಯೊಡನೆ, ಮಳೆಗಾಲದ ಹೊತ್ತಿಗೆ ಮೀನಿನವನೊಡನೆ ಮಾತಾಡಿದಳು. ಮರುವರ್ಷ ಒಂದನೇ ಕ್ಲಾಸಿಗೆ ಸೇರಿದ ದಿನ ನಿಜವಾದ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ನನ್ನ ಬಾಯಿ ತೆರೆದೇ ಇತ್ತು, ಕಷ್ಟಪಟ್ಟು ಮುಚ್ಚಿಕೊಂಡೆ. "ಶಾಲೆ ಸ್ಟಾಪ್. ಅಮ್ಮನಿಗೆ ಫುಲ್, ನನಗೆ ಹಾಫ್. ಡೆಂಜಿ ಮಡಿಲಲ್ಲಿ ಉಂಟು" ಎಂದಳು, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. ಸಂಜೆ ಕಾಕನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ: "ಅವ ಡೆಂಜಿಯನ್ನು ನೋಡಿದನಾ, ನೋಡದೆ ಮುಂದೆ ಹೋದನಾ?" "ಬಗ್ಗಿ ನೋಡಿದ" ಎಂದೆ. "ಹಾಗಾದ್ರೆ ಒಳ್ಳೆ ಕೆಲಸಗಾರ" ಎಂದರು.

ಕಳೆದ ವರ್ಷ ರಂಜಾನ್ ಹಬ್ಬ ಕಳೆದು ವಾರದೊಳಗೆ ಕಾಕ ತೀರಿಕೊಂಡರು. ಮಗಳು ಈಗ ಮೂರನೇ ಕ್ಲಾಸು. "ತರಗತಿಯಲ್ಲಿ ಮಾತು ಜಾಸ್ತಿ" ಎಂದು ಟೀಚರು ಡೈರಿಯಲ್ಲಿ ಬರೆದು ಕಳಿಸಿದಾಗ ನಾನು ಅದನ್ನು ಹಿಡಿದು ಗೋಡೆಯ ಹತ್ತಿರ ಓಡಿದೆ. ತೋರಿಸಬೇಕಾದವರು ಇಲ್ಲವೆಂದು ನೆನಪಾದದ್ದು ಗೋಡೆ ಮುಟ್ಟಿದ ಮೇಲೆ.

ತಿರುಗಿ ಬಂದರೆ ಜಗಲಿಯಲ್ಲಿ ಬಸ್ಸು ಹೊರಟು ನಿಂತಿತ್ತು. ಅಣ್ಣನೇ ಡ್ರೈವರ್. ಮಗಳು ಕಾಲು ಅಗಲಿಸಿ, ಕಂಬಕ್ಕೆ ಸೊಂಟ ಆನಿಸಿ, ಎಡಭುಜ ಇಳಿಬಿಟ್ಟು, ಕೈಯಲ್ಲಿ ಹಲಸಿನ ಎಲೆ ಹಿಡಿದಿದ್ದಳು. ನಾನು ಹೋಗಿ ಬೆಂಚಿನ ಮೇಲೆ ಕೂತೆ.

"ಎಲ್ಲಿಗೆ ಮೇಡಂ?"

ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಹುಡುಗಿ ನನ್ನನ್ನು ನೋಡಿದಳು. ಒತ್ತಾಯ ಮಾಡಲಿಲ್ಲ, ನನಗಾಗಿ ಯಾವ ಊರಿನ ಹೆಸರನ್ನೂ ಹೇಳಲಿಲ್ಲ.

"ನಿಧಾನ ಯೋಚ್ನೆ ಮಾಡಿ" ಎಂದಳು. "ಬಸ್ಸು ನಿಂತಿರ್ತದೆ."