ಅಟ್ಟ ಹತ್ತಿದ ಟೈಪ್‌ರೈಟರುಗಳು

ಹೋದ ವಾರ ಚಟ್ನಿಪುಡಿಗೆಂದು ಕೊಬ್ಬರಿ ತುರಿಯಲು ಕೂತಾಗ ಮೂಗಿಗೆ ಕೌಟು ಬಡಿಯಿತು. ತೆಂಗಿನ ಸೀಮೆಯವರಿಗೆ ಆ ವಾಸನೆಯನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ತೇವ ಉಳಿದ ಕೊಬ್ಬರಿ ಕೆಟ್ಟಾಗ ಬರುವ ವಾಸನೆ ಅದು. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಬೆರಳು ಮೂಸಿಕೊಂಡು ಕೂತಿದ್ದಾಗ ನನ್ನ ಟೈಪಿಂಗ್ ಮೇಡಂ ನೆನಪಾದರು...

ನೆನಪಾಗಲು ಇನ್ನೊಂದು ಕಾರಣವೂ ಇತ್ತು. ಚಿಕ್ಕನಾಯಕನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅರ್ಜಿ, ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡಿಕೊಡುವುದು ನನ್ನ ಕಸುಬು. ನನ್ನ ಹಳೆಯ ಲ್ಯಾಪ್‌ಟಾಪ್ ಬೆಳಗ್ಗೆ ತೆರೆದ ಕೂಡಲೇ ಒಂದು ಮಾತು ಕೇಳುತ್ತಿತ್ತು. ಈ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ರಕ್ಷಣೆ ಇಲ್ಲ, ಹೊಸದಕ್ಕೆ ಬರುತ್ತೀರಾ? ನಾನು 'ಆಮೇಲೆ' ಒತ್ತಿ ಕೆಲಸಕ್ಕೆ ಕೂರುತ್ತಿದ್ದೆ. ಸಾಲ ಕೇಳಲು ಬಂದ ನೆಂಟನನ್ನು ಸಾಗಹಾಕಿದ ಹಾಗೆ. ಆದರೆ ಈಚೆಗೆ ಜನಕ್ಕೆ ಬೇಕಾದ ವೆಬ್‌ಸೈಟುಗಳು ಒಂದೊಂದಾಗಿ ತೆರೆಯದಾದವು. ಬಂದವರು ಎದ್ದು ಪಕ್ಕದ ಬೀದಿಯ ಅಂಗಡಿಗೆ ಹೋಗತೊಡಗಿದರು.

ತಿಪಟೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಸಾಬರಿಗೆ ತೋರಿಸಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಅಕ್ಕಾ, ಮಿಷನ್ ತಡ್ಕೊಳುತ್ತೆ, ಸ್ವಲ್ಪ ನಿಧಾನ ಆಗ್ಬೋದು ಅಷ್ಟೆ. ಆದ್ರೆ ನಿಮ್ಮ ಹಳೇ ಕನ್ನಡ ಸಾಫ್ಟ್‌ವೇರು ಹೊಸದ್ರಲ್ಲಿ ಓಡಲ್ಲ. ಯೋಚ್ನೆ ಮಾಡಿ ಬನ್ನಿ" ಎಂದರು.

ಅತ್ತ ದರಿ, ಇತ್ತ ಪುಲಿ. ಟೈಪ್‌ರೈಟರಿನ ಕೀಲಿಗಳ ಜೋಡಣೆಯನ್ನೇ ಇಟ್ಟುಕೊಂಡಿದ್ದ ಸಾಫ್ಟ್‌ವೇರು ಅದು. ನನ್ನ ಕೈಗೆ ಬರುವುದು ಅದೊಂದೇ. ಈಗಿನವರ ಜೋಡಣೆಯಲ್ಲಿ ಅಕ್ಷರಗಳೆಲ್ಲ ಬೇರೆ ಬೇರೆ ಕಡೆ ಕೂತಿವೆ. ಒಂದೆರಡು ಸಲ ಪ್ರಯತ್ನಿಸಿ, ಹಳೇ ಗಂಡನ ಪಾದವೇ ಗತಿ ಎಂದು ಹಿಂದಿರುಗಿದ್ದೆ. ಅಪ್‌ಗ್ರೇಡ್ ಮಾಡಿಸಿದರೆ ಈ ವಯಸ್ಸಿನಲ್ಲಿ ಅ ಆ ಇ ಈಯಿಂದ ಶುರು ಮಾಡಬೇಕು. ಮಾಡಿಸದಿದ್ದರೆ ಅಂಗಡಿಗೆ ಬಾಗಿಲು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆ ಜೋಡಣೆಯನ್ನು ನನ್ನ ಬೆರಳಿಗೆ ಹತ್ತಿಸಿದವರು ಮೇಡಂ. ತಿಪಟೂರಿನ ಅವರ ಮನೆಯ ಪಡಸಾಲೆಯಲ್ಲೇ ಟೈಪಿಂಗ್ ಕ್ಲಾಸು, ತಲೆಯ ಮೇಲೆ ತೆಂಗಿನಕಾಯಿ ಒಣಗಿಸುವ ಕೊಬ್ಬರಿ ಅಟ್ಟ. ನಾವು ಕೆಳಗೆ ಕಟಕಟ ಹೊಡೆಯುತ್ತಿದ್ದರೆ ಮೇಲಿನ ಬಿದಿರ ಸಂದಿಯಿಂದ ನಾರಿನ ಪುಡಿ ಕಾಗದದ ಮೇಲೆ ಉದುರುತ್ತಿತ್ತು. ಮೇಡಂ ಕೀಲಿಗಳ ಮೇಲೆ ಟವೆಲ್ ಹೊದಿಸಿ, ನೋಡದೆ ಹೊಡೆಯಿರಿ ಎನ್ನುತ್ತಿದ್ದರು. ಕದ್ದು ನೋಡಿದರೆ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಅವರು ಸಿಟ್ಟಿನವರು, ನಗುವೂ ಅಷ್ಟೇ ಜೋರು. ಅವಸರ ಮಾಡುವವರನ್ನು ಕಂಡರೆ ಅಟ್ಟದ ಕಡೆ ಕೈ ತೋರಿಸುತ್ತಿದ್ದರು. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಹೆಚ್ಚುಕಡಿಮೆ ವರ್ಷ ಸುಮ್ಮನಿರಬೇಕು. ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ, ಒಳಗೆ ಒಣಗಿ ಉಂಡೆಯಾದ ಗಿಟುಕಿನ ಸದ್ದು ಬರಬೇಕು. ಅಲ್ಲಿಯವರೆಗೆ ಒಡೆಯಬಾರದು ಎನ್ನುವುದು ಅವರ ಪಾಠ.

ಊರಿಗೆ ಕಂಪ್ಯೂಟರ್ ಬಂದಾಗಲೂ ಅವರು ಇದನ್ನೇ ಹೇಳಿದರು. ಕಾಯೋಣ, ಇದು ನಿಲ್ಲುತ್ತದೋ ಹೋಗುತ್ತದೋ ನೋಡೋಣ... ಕಾಯುತ್ತಿದ್ದಂತೆ ವಿದ್ಯಾರ್ಥಿಗಳು ಕರಗಿದರು. ಕೊನೆಗೆ ಟೈಪ್‌ರೈಟರುಗಳಿಗೆ ಬಟ್ಟೆ ಸುತ್ತಿ ಅಟ್ಟಕ್ಕೇ ಏರಿಸಿಬಿಟ್ಟರು. ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗ ಅದೇ ಎಂದು ಅವರ ನಂಬಿಕೆ. ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ಆದರೆ ಆ ಮಳೆಗಾಲ ಅವುಗಳ ಸುತ್ತ ಹೊಸ ಕಾಯಿ ಸುರಿದರು. ಸಿಪ್ಪೆಯ ತೇವವೆಲ್ಲ ಕಬ್ಬಿಣಕ್ಕೆ ಇಳಿಯಿತು. ಯಾರೋ ಕೊಳ್ಳುತ್ತೇವೆಂದು ಬಂದಾಗ ಇಳಿಸಿದರೆ ಕೀಲಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ರಿಬ್ಬನ್ನು ಇಲಿಯ ಗೂಡಾಗಿತ್ತು.

ಅವತ್ತು ನಾನೂ ಅಲ್ಲಿದ್ದೆ. ಬೈಯುತ್ತಾರೆ ಅಂದುಕೊಂಡೆ. ಮೇಡಂ ಒಂದು ಕೀಲಿಯನ್ನು ಒತ್ತಿ ನೋಡಿ, ಅದು ಏಳದಿದ್ದಾಗ ನಕ್ಕುಬಿಟ್ಟರು. "ಒಣಗ್ಲಿ ಅಂತ ಕಾದೆ ಕಣೇ. ಕೌಟಾಗಿದ್ದು ಗೊತ್ತೇ ಆಗ್ಲಿಲ್ಲ ನೋಡು." ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ವರ್ಷಗಳ ನಂತರ ನಾನು ಈ ಲ್ಯಾಪ್‌ಟಾಪ್ ಕೊಂಡಾಗ ಅವರನ್ನು ಕರೆದು ತೋರಿಸಿದೆ. ಅದೇ ಹಳೆಯ ಜೋಡಣೆ ಇದೆ, ಹೊಡೆಯಿರಿ ಮೇಡಂ ಎಂದೆ. ಒಂದು ಪುಟವನ್ನು ನೋಡದೆ ಹೊಡೆದು ಮಗುವಿನಂತೆ ಖುಷಿಪಟ್ಟರು. ಸ್ವಲ್ಪ ಹೊತ್ತಿಗೆ ಮುಖ ಗಂಭೀರವಾಯಿತು. "ಇದು ನಂಗೆ ಬರೋದೇ. ಈಗಿನವ್ರು ಹೊಡೀತಾರಲ್ಲ, ಅದನ್ನ ಹಾಕು" ಎಂದರು.

ಅಲ್ಲಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು, ಎಪ್ಪತ್ತರ ಹತ್ತಿರದ ಹೆಂಗಸು. ಕಣ್ಣು ಹೊಸ ಅಕ್ಷರ ಹುಡುಕಿದರೆ ಬೆರಳು ಹಳೆಯ ಕಡೆಗೇ ಓಡುತ್ತಿತ್ತು. 'ಮನೆ' ಹೊಡೆಯಲು ಹೋದರೆ ಅರ್ಥವಿಲ್ಲದ ಏನೋ ಮೂಡುತ್ತಿತ್ತು. ಕೈ ಕೇಳ್ತಿಲ್ಲ ಎಂದು ತಮ್ಮ ಗೆಣ್ಣಿಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ನೀನೂ ಕಲಿ ಎಂದಾಗ, ನನಗ್ಯಾಕೆ ಮೇಡಂ, ನಡೀತಿದೆಯಲ್ಲ ಎಂದಿದ್ದೆ.

"ನಂದೂ ನಡೀತಿತ್ತು ಕಣೇ" ಎಂದರು.

ಕೊನೆಯವರೆಗೂ ಅವರಿಗೆ ವೇಗ ಬರಲಿಲ್ಲ. ಎರಡು ಬೆರಳಿನಲ್ಲಿ ತಡವುತ್ತಾ ಅರ್ಧ ಪುಟದವರೆಗೆ ಬಂದಿದ್ದರು. ಒಂದು ವಾರ ಬರಲಿಲ್ಲ. ವಿಚಾರಿಸಿದರೆ ಅವರ ಮನೆಯವರು ಜ್ವರ ಎಂದರು... ಅವರು ಮತ್ತೆ ಏಳಲಿಲ್ಲ.

ಕೊಬ್ಬರಿ ಎಸೆದ ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೇ ತಿಪಟೂರಿಗೆ ಹೋದೆ. ಹಳೆಯ ಕೆಲಸಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ಹಾಕಿಬಿಡಿ ಎಂದು ಸಾಬರಿಗೆ ಹೇಳಿದೆ. ಸಂಜೆಯ ಹೊತ್ತಿಗೆ ಹೊಸದು ಬಂತು, ಹಳೆಯ ಸಾಫ್ಟ್‌ವೇರು ಹೋಯಿತು.

ಈಗ ಅಂಗಡಿ ತೆರೆಯುವ ಮುಂಚೆ ಒಂದು ಗಂಟೆ ಅಭ್ಯಾಸ ಮಾಡುತ್ತೇನೆ. ಮೇಡಂ ಮಾಡುತ್ತಿದ್ದಷ್ಟೇ ತಪ್ಪು, ಅವರಷ್ಟೇ ಸಿಟ್ಟು. ನಿನ್ನೆ ಕಂದಿಕೆರೆಯ ರೈತನೊಬ್ಬ ಅರ್ಜಿ ಬರೆಸಲು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ನಾನು ಒಂದೊಂದೇ ಅಕ್ಷರ ಹುಡುಕುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಏನಕ್ಕಾ, ಹೊಸ್ದಾಗಿ ಕಲೀತಿದೀರಾ?"

"ಹೂಂ ಕಣಪ್ಪ."

"ಯಾರು ಹೇಳ್ಕೊಡ್ತಾವ್ರೆ?"

ಹೇಳಿಕೊಡುವವರು ಬೇಕಿರಲಿಲ್ಲ ನನಗೆ. ಜೊತೆಗೆ ಕೂತು ತಪ್ಪು ಮಾಡುವವರು ಬೇಕಿತ್ತು. ಮೇಡಂ ಕೂತು ಕರೆದಾಗ ನಾನು ಕೂತಿರಲಿಲ್ಲ. ಅದನ್ನೆಲ್ಲ ಅವನಿಗೆ ಹೇಗೆ ಹೇಳುವುದು? "ಯಾರೂ ಇಲ್ಲಪ್ಪ" ಎಂದು ಅವನ ಊರಿನ ಹೆಸರು ಕೇಳಿ, 'ಕ' ಎಲ್ಲಿದೆ ಎಂದು ಹುಡುಕತೊಡಗಿದೆ.